ನಮ್ಮ ಭಾವ ತೆಂಗಿಗೆ ಬಡಿಸಿದ್ದು

ಯುಗಾದಿ ಕಳೆದ ಮೇಲಿನ ಭಾನುವಾರ. ಬೆಳಿಗ್ಗೆ ಏಳೂವರೆ. ಸ್ಥಳ, ಕುಪ್ಪಗಡ್ಡೆಯಲ್ಲಿ ನಮ್ಮಕ್ಕನ ಮನೆಯ ಹಿತ್ತಲು. ಹಾಜರಿದ್ದವರು: ನಾನು, ನಮ್ಮ ಭಾವ, ಮತ್ತು ಐದು ತೆಂಗಿನ ಗಿಡಗಳು. ಹಾಜರಿಲ್ಲದವರು: ನಮ್ಮಕ್ಕ. ಅವಳು ಆಪರೇಷನ್ ಮುಗಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಯಿಂದ ಅಂದು ಮಧ್ಯಾಹ್ನ ಮನೆಗೆ ಬರುವವಳಿದ್ದಳು. ಮೊದಲು ಹಾಜರಿ, ಆಮೇಲೆ ಮಾತು. ಇದು ವಾರ್ಡಿನಲ್ಲಿ ಪಾಳಿ ಬದಲಾಗುವಾಗಿನ ಕ್ರಮ. ನರ್ಸ್ ಕೆಲಸದಿಂದ ನಿವೃತ್ತಳಾಗಿ ಶಿಕಾರಿಪುರದ ಮನೆಯಲ್ಲಿ ಕೂತರೂ ಈ ಕ್ರಮ ನನ್ನನ್ನು ಬಿಟ್ಟಿಲ್ಲ.

ಐದೂ ಗಿಡಗಳು ಹಳದಿಯಾಗಿದ್ದವು. ಭಾವನ ಮುಖ ಅವಕ್ಕಿಂತ ಒಂದು ಬಣ್ಣ ಹೆಚ್ಚು.

"ಸಿಸ್ಟರಮ್ಮ," ಅಂದರು ಭಾವ. ನಾನು ಕೆಲಸಕ್ಕೆ ಸೇರಿದ ದಿನದಿಂದ ಅವರು ನನ್ನನ್ನು ಕರೆಯುವುದು ಹೀಗೇ. "ಮಧ್ಯಾಹ್ನದೊಳಗೆ ಇವನ್ನ ಹಸಿರು ಮಾಡೋ ಇಂಜೆಕ್ಷನ್ ಎಂತಾದ್ರೂ ಇದ್ಯಾ?"

ಇಂಜೆಕ್ಷನ್ ಇದ್ದರೂ ಅವರ ಕೈಗೆ ನಾನು ಕೊಡುತ್ತಿರಲಿಲ್ಲ. ಯಾಕೆ ಅನ್ನುವುದಕ್ಕೆ ನಮ್ಮ ಭಾವ ಎಂಥವರು ಎಂಬುದನ್ನು ಮೊದಲು ಹೇಳಬೇಕು.

ಅವರ ಮೇಲೆ ನನ್ನದೊಂದು ಆರೋಪವಿದೆ. ಈ ಮನುಷ್ಯ ಈ ಜನ್ಮದಲ್ಲಿ ಯಾರನ್ನೂ ಹಸಿದಿರಲು ಬಿಟ್ಟಿಲ್ಲ. ಇದನ್ನು ಹೊಗಳಿಕೆ ಅಂತ ತಿಳಿದವರು ಅವರ ಮನೆಯಲ್ಲಿ ಊಟ ಮಾಡಿದವರಲ್ಲ. ಕರೆಂಟ್ ಮೀಟರ್ ನೋಡಲು ಬರುವಾತ ಇಡೀ ಊರು ಮುಗಿಸಿ ಕಟ್ಟಕಡೆಗೆ ಭಾವನ ಮನೆಗೆ ಬರುತ್ತಾನೆ. ಮೊದಲ ವರ್ಷ ಗೊತ್ತಿಲ್ಲದೆ ಅಲ್ಲಿಂದಲೇ ಶುರು ಮಾಡಿದ್ದನಂತೆ. ಅಂದು ಊರಿನ ಉಳಿದ ಮನೆಗಳಿಗೆ ಬಿಲ್ಲೇ ಬರಲಿಲ್ಲ. ಜಗಲಿಯ ಮೇಲೆ ಮಲಗಿದಾತ ಎದ್ದದ್ದು ದೀಪ ಹಚ್ಚುವ ಹೊತ್ತಿಗೆ.

ಒಂದು ಸಲ ಮನೆಯ ಎಮ್ಮೆ ಹೊಟ್ಟೆಯುಬ್ಬರಿಸಿಕೊಂಡು ಬಿದ್ದಿತು. ದನದ ಡಾಕ್ಟರು ಬಂದರು. ನೋಡಿದರು. "ಏನು ಹಾಕಿದ್ರಿ ಯಜಮಾನ್ರೇ?" ಅಂತ ಕೇಳಿದರು. "ಎಂತ ಹಾಕಿಲ್ಲ ಸಾಮಿ, ಹಬ್ಬ ಅಲ್ವಾ ಅಂತ ಒಂದು ಬುಟ್ಟಿ ಹೋಳಿಗೆ," ಅಂದರು ಭಾವ. ಡಾಕ್ಟರು ತಲೆ ಚಚ್ಚಿಕೊಂಡು ಔಷಧಿ ಕುಡಿಸಿದರು. ಎಮ್ಮೆ ಎದ್ದಿತು. ಅಷ್ಟಕ್ಕೇ ಅವರು ಹೊರಟಿದ್ದರೆ ಕಥೆ ಮುಗಿಯುತ್ತಿತ್ತು. ಭಾವ ಬಿಡಬೇಕಲ್ಲ! ಎಲೆ ಹಾಕಿದರು. ಎರಡು ತಾಸಿನ ನಂತರ ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬೈಕ್ ಹತ್ತುವಾಗ ಎಮ್ಮೆ ಅವರನ್ನು ಕನಿಕರದಿಂದ ನೋಡುತ್ತಿತ್ತು ಅಂತ ಅಕ್ಕ ಹೇಳುತ್ತಾಳೆ.

ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ "ಸಾಕು" ಅಂದರೆ ಅದು ಮರ್ಯಾದೆ, ಎರಡನೆಯ ಸಲ ಅಂದರೆ ಸಂಕೋಚ, ಮೂರನೆಯದು ಮಾತ್ರ ನಿಜ ಅನ್ನುವ ಒಂದು ತಿಳುವಳಿಕೆ ಇದೆ. ಭಾವನಿಗೆ ಮೂರನೆಯದರ ಮೇಲೂ ನಂಬಿಕೆಯಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿದವರ ಬೆರಳ ಸಂದಿಯಿಂದ ತುಪ್ಪ ಇಳಿಸುವುದರಲ್ಲಿ ಅವರದು ಪಳಗಿದ ಕೈ. ನನ್ನ ಮನೆಯಲ್ಲಿ ಊಟಕ್ಕೆ ಹೊತ್ತಿದೆ, ಅಳತೆಯಿದೆ. ಒಮ್ಮೆ ಅವರೇ ಶಿಕಾರಿಪುರಕ್ಕೆ ಬಂದರು. ನಾನು ತಟ್ಟೆಯಿಟ್ಟು ಅನ್ನ ಬಡಿಸಿ, ಸಾರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನನ್ನ ತಟ್ಟೆಯಲ್ಲಿ ಗುಡ್ಡದಷ್ಟು ಅನ್ನ, ಅವರ ಕೈಯಲ್ಲಿ ಸೌಟು. ಅತಿಥಿ ನಿಂತು ಬಡಿಸಿದರು, ಮನೆಯವಳು ಕೂತು ಉಂಡಳು. ನನ್ನ ಮನೆಯಲ್ಲೇ ನಾನು "ಸಾಕು ಭಾವ, ಸಾಕು" ಅಂತ ಬೇಡಿಕೊಂಡ ಮಧ್ಯಾಹ್ನ ಅದು.

ಇಂಥವರ ಜೊತೆ ಇಷ್ಟು ಕಾಲ ಸಂಸಾರ ಮಾಡಿಯೂ ನಮ್ಮಕ್ಕ ಕಡ್ಡಿಯಂತೆ ಇದ್ದಾಳೆ. ಹೇಗೆ ಅಂತ ಎಲ್ಲರೂ ಕೇಳುತ್ತಾರೆ. "ಅವರು ಬೇರೆಯವ್ರಿಗೆ ಬಡಿಸೋದ್ರಲ್ಲಿ ಇರ್ತಾರೆ. ಅಷ್ಟೊತ್ತಿಗೆ ನಂದು ಮುಗಿದಿರ್ತದೆ," ಅನ್ನುತ್ತಾಳೆ ಅವಳು.

ಗದ್ದೆ, ಅಡಿಕೆ ಎಲ್ಲ ಭಾವನದು. ಹಿತ್ತಲಿನ ಐದು ತೆಂಗಿನ ಗಿಡ ಮಾತ್ರ ಅಕ್ಕನದು. ನಮ್ಮ ತವರು ತೊಗರ್ಸಿಯಿಂದ ಅವಳೇ ಸಸಿ ತಂದು, ಅವಳೇ ಗುಂಡಿಯ ಅಳತೆ ಹೇಳಿ ತೋಡಿಸಿ, ಅವಳೇ ನೆಟ್ಟದ್ದು. ಇನ್ನೂ ಹೊಂಬಾಳೆ ಬಿಟ್ಟಿಲ್ಲ. ಯಾವಾಗ ಏನು ಹಾಕುತ್ತಾಳೆ, ಎಷ್ಟು ಹಾಕುತ್ತಾಳೆ ಅಂತ ನಾವ್ಯಾರೂ ಕೇಳಿದವರಲ್ಲ. ಗಿಡ ಹಸಿರಾಗಿದ್ದಾಗ ಯಾರು ಕೇಳುತ್ತಾರೆ?

ಈ ಮಾಘದ ಕೊನೆಗೆ ಅಕ್ಕನಿಗೆ ಹೊಟ್ಟೆನೋವು ಕಾಣಿಸಿತು. ಕರುಳಿನ ತೊಂದರೆ, ಆಪರೇಷನ್ನೇ ಆಗಬೇಕು ಅಂದರು. ಆಯಿತು. ಆಪರೇಷನ್ ಆದ ಮೇಲೆ ಮಂಚದ ತಲೆಯ ಕಡೆ ಒಂದು ರಟ್ಟು ಕಟ್ಟಿದರು: ಬಾಯಿಗೆ ಏನೂ ಕೊಡಬಾರದು. ಸಲೈನ್ ಒಂದೇ. ಇದನ್ನು ನಾನು ಕೆಲಸದಲ್ಲಿದ್ದಾಗ ಎಷ್ಟು ಮಂಚಗಳಿಗೆ ಕಟ್ಟಿದ್ದೇನೋ. ಅದರ ಅರ್ಥ ರೋಗಿಗೆ ತಿಳಿಯುತ್ತದೆ, ಮನೆಯವರಿಗೆ ತಿಳಿಯುವುದಿಲ್ಲ.

ಭಾವ ಕುಪ್ಪಗಡ್ಡೆಯಿಂದ ಬಸ್ಸು ಬದಲಿಸಿ ಬದಲಿಸಿ ಬಂದರು. ಕೈಯಲ್ಲಿ ಮೊಣಕೈವರೆಗೂ ಬರುವಂಥ ಊಟದ ಕ್ಯಾರಿಯರ್. ರಟ್ಟನ್ನು ಓದಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದರು. ಪಾಳಿಯಲ್ಲಿದ್ದ ನರ್ಸಮ್ಮನ ಹತ್ತಿರ ಹೋದರು.

"ಮಗಾ, ತಿಳಿಸಾರು ಆಗ್ತದಲ್ಲ? ಅದು ನೀರೇ ಅಲ್ದಾ?"

"ಅಜ್ಜ, ನೀರೂ ಕೊಡಂಗಿಲ್ಲ."

"ಒಂದೇ ಚಮಚ. ನೀ ಆ ಕಡೆ ತಿರುಗಿದ್ರೆ ಸಾಕು."

"ಹೊಲಿಗೆ ಬಿಚ್ಚಿಕೊಂಡ್ರೆ ನೀವು ತಿರುಗ್ತೀರಾ?"

ಭಾವ ಕ್ಯಾರಿಯರಿನ ಮುಚ್ಚಳ ತೆಗೆದರು. "ಹಂಗಾರೆ ನೀನಾದ್ರೂ ಉಣ್ಣು. ಮಖ ಸಣ್ಣ ಆಗ್ಯದೆ," ಅಂದರು.

ಆಕೆ ನಕ್ಕು ಬೇಡ ಅಂದಳು. ಆಮೇಲೆ ಶುರುವಾದದ್ದು ವಾರ್ಡಿನ ಪಂಕ್ತಿ. ಒಂದು ಮಂಚ ಬಿಡದೆ, ರೋಗಿಯಾದರೂ ಸರಿ, ಜೊತೆಗೆ ಬಂದವರಾದರೂ ಸರಿ, "ಒಂಚೂರು ರುಚಿ ನೋಡ್ರಿ" ಅಂತ ಬಡಿಸುತ್ತ ಹೋದರು. ಮೂಲೆಯ ಮಂಚದಲ್ಲಿದ್ದ ಸಕ್ಕರೆ ಕಾಯಿಲೆಯ ಮುದುಕರಿಗೆ ಹೋಳಿಗೆ ಸಿಕ್ಕಿತು. ಅವರೇನೂ ಬೇಡ ಅನ್ನಲಿಲ್ಲ. ಸಂಜೆ ರಕ್ತ ನೋಡಿದಾಗ ವಾರ್ಡಿಗೆ ವಾರ್ಡೇ ಓಡಾಡಿತು. ದೊಡ್ಡ ನರ್ಸಮ್ಮ ನನ್ನನ್ನು ಕರೆದು, "ನೀವೂ ನಮ್ಮ ಕೆಲಸದವರೇ, ನಿಮಗೆ ಹೇಳಬೇಕಾ?" ಅಂದರು. ನನ್ನ ಜೀವಮಾನದಲ್ಲಿ ವಾರ್ಡಿನೊಳಗೆ ನಾನು ಬೈಸಿಕೊಂಡದ್ದು ಅದೇ ಮೊದಲು.

ಭಾವನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದೆ. "ಭಾವ, ಇಲ್ಲಿ ನಾನಿದ್ದೀನಿ. ನೀವು ಊರಿಗೆ ಹೋಗಿ ಅಕ್ಕನ ತೆಂಗಿನ ಗಿಡ ನೋಡ್ಕೊಳ್ಳಿ. ಅವಳಿಗೆ ಅದರದ್ದೇ ಯೋಚನೆ."

ಅದು ಸುಳ್ಳಾಗಿರಲಿಲ್ಲ. ಆ ದಿನಗಳಲ್ಲಿ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಕೇಳುತ್ತಿದ್ದದ್ದು ಎರಡೇ. ಒಂದು ನೀರು, ಇನ್ನೊಂದು "ನನ್ನ ತೆಂಗು ಹೆಂಗಿದಾವೆ?" ನೀರು ಕೊಡುವಂತಿರಲಿಲ್ಲ. ಎರಡನೆಯದಕ್ಕೆ "ಚೆನ್ನಾಗಿದಾವೆ" ಅನ್ನುತ್ತಿದ್ದೆ. ಆಮೇಲೆ ಗಂಜಿ ಕೊಡಬಹುದು ಅಂತ ಡಾಕ್ಟರು ಹೇಳಿದರು. ಅಷ್ಟರಲ್ಲಿ ಅವಳಿಗೆ ಗಂಜಿ ಬೇಡವಾಗಿತ್ತು. ಎರಡು ಚಮಚಕ್ಕೆ ಮುಖ ತಿರುಗಿಸುತ್ತಿದ್ದಳು. "ಗಾಯ ಮಾಯ್ತಾ ಇದೆ. ಇನ್ನು ಹಸಿವು ಅವರಿಗೇ ಬರಬೇಕು. ಮನೆಗೆ ಹೋಗಲಿ, ಮನಸ್ಸಿಗೆ ಬೇಜಾರಾಗದ ಹಾಗೆ ನೋಡ್ಕೊಳ್ಳಿ," ಅಂದರು ಡಾಕ್ಟರು. ಹಸಿವನ್ನು ಬರೆದುಕೊಡಲು ಅವರಿಗೂ ಬರುವುದಿಲ್ಲವಲ್ಲ.

ಇತ್ತ ಭಾವ ಊರಿಗೆ ಹೋದ ಮಾರನೆಯ ದಿನವೇ ಫೋನ್ ಮಾಡಿದರು. "ಸಿಸ್ಟರಮ್ಮ, ಕೆಳಗಿನ ಗರಿ ಹಳದಿಯಾಗ್ಯದೆ."

"ಎಷ್ಟು ಗರಿ?"

"ಗಿಡಕ್ಕೊಂದು. ಹಸಿವು ಅನ್ನಸ್ತದೆ. ಎಂತ ಗೊಬ್ಬರ ಹಾಕದು?"

"ನನಗೆ ಮನುಷ್ಯರದ್ದು ಗೊತ್ತು ಭಾವ, ತೆಂಗಿಂದು ಗೊತ್ತಿಲ್ಲ. ತಿಳಿದವರನ್ನ ಕೇಳಿ."

"ಕೇಳ್ತೀನಿ. ಅವಳು ಬರೋದ್ರೊಳಗೆ ಹಸಿರಾಗ್ಬೇಕು ಮಾರಾಯ್ತಿ. ಇವು ಬಾಡಿದ್ದು ಕಂಡ್ರೆ ಅವಳು ಮತ್ತೆ ಹಾಸಿಗೆ ಹಿಡೀತಾಳೆ."

ಕೇಳಿದರು. ಇಲ್ಲೇ ಎಡವಟ್ಟಾದದ್ದು. ಸೊರಬದ ಗೊಬ್ಬರದ ಅಂಗಡಿಯವರು ಪೊಟ್ಯಾಷ್ ಅಂದರು, ಜೊತೆಗೆ ಸ್ವಲ್ಪ ಯೂರಿಯಾ ಇರಲಿ ಅಂದರು. ಕೊಯ್ದ ಗದ್ದೆಯಲ್ಲಿ ಮಂದೆ ನಿಲ್ಲಿಸಲು ಶಿಕಾರಿಪುರದ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಕುರಿಗಾರರು, "ಅಂಗಡಿದು ಯಾತಕ್ಕ ಬೇಕ್ರಿ ಗೌಡ್ರ, ಕುರಿಗೊಬ್ಬರದ ಮುಂದ ಅದೆಲ್ಲಾ ಬೂದಿ," ಅಂದರು. ಬಸ್ಸಿನಲ್ಲಿ ಪಕ್ಕ ಕೂತವರೊಬ್ಬರು ತೆಂಗಿಗೆ ಉಪ್ಪೇ ಪ್ರಾಣ ಅಂದರು. ಮೊಬೈಲಿನಲ್ಲಿ ಯಾರೋ ಒಬ್ಬರು ಹುಳಿಮಜ್ಜಿಗೆಗೆ ಬೆಲ್ಲ ಕದಡಿ ಹೊಯ್ಯುವುದನ್ನು ತೋರಿಸಿದರು. ಒಬ್ಬೊಬ್ಬರದೂ ತಪ್ಪು ಮಾತಲ್ಲ ಅಂತ ಈಗ ನನಗೆ ಅನ್ನಿಸುತ್ತದೆ. ಯಾವುದೋ ಒಂದು ಗಿಡಕ್ಕೆ, ಯಾವುದೋ ಒಂದು ಕಾಲಕ್ಕೆ, ಯಾವುದೋ ಒಂದು ಅಳತೆಯಲ್ಲಿ ಎಲ್ಲವೂ ಸರಿಯಿರಬಹುದು.

ಆದರೆ ಸರಿಯಾದ ಗೊಬ್ಬರವನ್ನು ಆರಿಸುವುದು ಅಂದರೇನು? ಒಂದನ್ನು ಇಟ್ಟುಕೊಂಡು ಉಳಿದದ್ದಕ್ಕೆ ಬೇಡ ಅನ್ನುವುದು. ಬೇಡ ಅನ್ನುವ ಮಾತು ನಮ್ಮ ಭಾವನ ಬಾಯಲ್ಲಿ ಹುಟ್ಟೇ ಇಲ್ಲ. ಅಷ್ಟು ಜನ ಅಕ್ಕರೆಯಿಂದ ಹೇಳಿದ್ದಾರೆ, ಒಬ್ಬರ ಮಾತು ನಡೆಸಿ ಇನ್ನೊಬ್ಬರದು ಬಿಟ್ಟರೆ ಅವರಿಗೆ ಏನನ್ನಿಸಬೇಡ? ಹೀಗಾಗಿ ಭಾವ ಆರಿಸಲಿಲ್ಲ. ಬಡಿಸಿದರು.

ಅಕ್ಕನನ್ನು ಅವಳ ಮಗಳಿಗೆ ಒಪ್ಪಿಸಿ, ಮನೆ ಅಣಿ ಮಾಡಲು ನಾನು ಮೊದಲೇ ಊರಿಗೆ ಬಂದಿದ್ದೆ. ಆ ಬಡಿಸಿದ ವೈಖರಿಯನ್ನು ಆ ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ನಿಂತು ಅವರೇ ನನಗೆ ವಿವರಿಸಿದರು. ಹೆಗಲ ಮೇಲೆ ಟವೆಲು. ಎಲೆಯ ತುದಿಗೆ ಉಪ್ಪು ಬಡಿಸುವ ಹಾಗೆ ಮೊದಲು ಪಾತಿಯ ಒಂದು ಮೂಲೆಗೆ ಉಪ್ಪು. ಆಮೇಲೆ ಯೂರಿಯಾ, ಅದು ಬೆಳ್ಳಗಿದೆ, ಅನ್ನದ ಲೆಕ್ಕ. ಅದರ ಮೇಲೆ ಕೆಂಪು ಪೊಟ್ಯಾಷ್, ಸಾರಿನ ಲೆಕ್ಕ. ಕುರಿಗೊಬ್ಬರ ಪಲ್ಯದ ಹಾಗೆ ಬುಡಕ್ಕೆ ಒತ್ತಿ. ಕೊನೆಗೆ ಮಜ್ಜಿಗೆ.

"ಬಡಿಸಿದ ಮೇಲೆ ಏನಂದ್ರಿ?" ಅಂತ ಕೇಳಿದೆ.

ಭಾವ ಸ್ವಲ್ಪ ನಾಚಿಕೊಂಡರು. "ಸಾವಕಾಶ ಆಗ್ಲಿ ಅಂದೆ."

"ಗಿಡಕ್ಕೆ?"

"ಮತ್ತೆ? ಬಡಿಸಿ ಸುಮ್ನೆ ಹೋಗ್ಲಿಕ್ಕಾಗ್ತದಾ?"

ಮೂರು ದಿನ ಬಿಟ್ಟು ನೋಡಿದರೆ ಹಳದಿ ಒಂದು ಗರಿಯಿಂದ ಮೂರು ಗರಿಗೆ ಏರಿತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಿಲ್ಲಿಸುತ್ತಿದ್ದಿರಿ. ಭಾವ ಹಸಿವು ಜಾಸ್ತಿಯಾಗಿದೆ ಅಂತ ಲೆಕ್ಕ ಹಾಕಿ ಎರಡನೆಯ ಪಂಕ್ತಿ ಹೂಡಿದರು. ಗರಿಯ ತುದಿ ಸುಟ್ಟ ಹಾಗೆ ಕಂದಾಯಿತು. ಮೂರನೆಯ ಪಂಕ್ತಿಯಲ್ಲಿ ಬೇವಿನ ಹಿಂಡಿಯೂ ಸೇರಿತು. ಹೀಗೆ, ಅಕ್ಕ ಶಿವಮೊಗ್ಗದಲ್ಲಿ ಎರಡು ಚಮಚ ಗಂಜಿ ನುಂಗಲು ಹೆಣಗುತ್ತಿದ್ದಾಗ, ಅವಳ ತೆಂಗಿನ ಗಿಡಗಳು ಮದುವೆಯೂಟದ ಮೇಲೆ ಮದುವೆಯೂಟ ಉಣ್ಣುತ್ತಿದ್ದವು.

ನಾನು ಬಗ್ಗಿ ಪಾತಿ ನೋಡಿದೆ. ಮಣ್ಣಿನ ಮೇಲೆ ಬಿಳಿಯ ಹೆಕ್ಕಳೆ ಕಟ್ಟಿತ್ತು. ಬೆಲ್ಲಕ್ಕೆ ಮುತ್ತಿದ ಇರುವೆಗಳ ಸಾಲು ಕೊಟ್ಟಿಗೆಯವರೆಗೂ ಹೋಗಿತ್ತು.

"ಇಷ್ಟರಲ್ಲಿ ಯಾವುದು ಆಗಿಬರಲಿಲ್ಲ ಭಾವ?"

"ಅದು ಹೆಂಗ್ ಗೊತ್ತಾಗ್ತದೆ? ಹೋಳಿಗೆ, ಚಿತ್ರಾನ್ನ, ಪಾಯಸ ಎಲ್ಲ ಉಂಡೋನಿಗೆ ಹೊಟ್ಟೆ ನೋವು ಬಂದ್ರೆ ಪಾಯಸನ್ನೇ ಬಯ್ಲಿಕ್ಕಾಗ್ತದಾ?"

ಮಾತು ಸರಿಯಾಗಿಯೇ ಇತ್ತು. ವಾರ್ಡಿನಲ್ಲಿ ನಮಗೆ ಮೊದಲು ಕಲಿಸುವುದೂ ಅದನ್ನೇ. ಒಂದು ಔಷಧಿ ಕೊಡು, ಕಾದು ನೋಡು, ಬರೆದಿಡು. ಕೊಡುವುದು ಸುಲಭ. ಕೈಗೆ ಕೆಲಸ ಸಿಗುತ್ತದೆ, ಏನೋ ಮಾಡಿದೆ ಅನ್ನಿಸುತ್ತದೆ. ಕಾದು ನೋಡುವುದೇ ಕಷ್ಟ. ರೋಗಿಯ ಪಕ್ಕ ಸ್ಟೂಲು ಹಾಕಿಕೊಂಡು ಏನೂ ಮಾಡದೆ ಕೂರುವುದು ಎಲ್ಲ ಕೆಲಸಗಳಲ್ಲೂ ಕಷ್ಟದ್ದು ಅಂತ ಹೊಸದಾಗಿ ಬಂದ ಹುಡುಗಿಯರಿಗೆ ನಾನು ಹೇಳುತ್ತಿದ್ದೆ. ಅವರು ನಂಬುತ್ತಿರಲಿಲ್ಲ. ಯಾರು ನಂಬುತ್ತಾರೆ?

ಭಾವನ ಹತ್ತಿರ ಒಂದು ಉಪಾಯವಿತ್ತು. ಅಡಿಕೆ ಒಣಗಿಸುವ ನೀಲಿ ಟಾರ್ಪಾಲನ್ನು ಹಿಂದಿನ ಜಗಲಿಯ ಕಂಬದಿಂದ ಕೊಟ್ಟಿಗೆಯ ಕಂಬಕ್ಕೆ ಅಡ್ಡ ಕಟ್ಟಿದ್ದರು. ಹಿತ್ತಲು ಕಾಣುವಂತಿರಲಿಲ್ಲ.

"ಕೇಳಿದ್ರೆ ಎಂತ ಹೇಳ್ತೀರಿ?"

"ಬಿಸಿಲು ಬೀಳ್ತದೆ ಅಂತ."

"ಹಿತ್ತಲಿಗೆ ಬಿಸಿಲು ಬೀಳದೆ ಮತ್ತೆಲ್ಲಿ ಬೀಳಬೇಕು ಭಾವ?"

"ನೀ ಸುಮ್ನಿರು ಸಿಸ್ಟರಮ್ಮ. ಹೆಂಗೂ ಅವಳು ಒಂದು ತಿಂಗಳು ಎದ್ದು ಓಡಾಡಂಗಿಲ್ಲ. ಅಷ್ಟ್ರೊಳಗೆ ಸರಿ ಮಾಡ್ತೀನಿ. ನೀ ಮಾತ್ರ ಬಾಯಿ ಬಿಡಬ್ಯಾಡ."

ಸರಿ ಮಾಡುತ್ತೇನೆ ಅಂದರೆ ಇನ್ನೇನೋ ಹಾಕುತ್ತೇನೆ ಅಂತ ಅರ್ಥ. ನಾನು ಮನೆ ಗುಡಿಸಿ, ಅಕ್ಕನ ಹಾಸಿಗೆ ಹಾಸಿ, ನೀರು ಕಾಯಿಸಿಟ್ಟು, ಮಾತ್ರೆಗಳನ್ನು ಹೊತ್ತಿನ ಪ್ರಕಾರ ಜೋಡಿಸಿ ಕೂತೆ. ಭಾವ ಕೂರಲಿಲ್ಲ. ಹೊರಗೆ ಹೋಗಿ ರಸ್ತೆ ನೋಡುವುದು, ಹಿಂದೆ ಹೋಗಿ ಟಾರ್ಪಾಲಿನ ಗಂಟು ಬಿಗಿಯುವುದು, ಇಷ್ಟೇ ಮಾಡಿದರು.

ಒಂದೂವರೆಗೆ ಕಾರು ಬಂತು. ಸೊರಬದಲ್ಲಿರುವ ಅವರ ಮಗಳು ಅಮ್ಮನನ್ನು ಕರೆತಂದಿದ್ದಳು. ಅಕ್ಕ ನಿಧಾನವಾಗಿ ಇಳಿದಳು. ಮೈ ಅರ್ಧಕ್ಕರ್ಧ ಸೊರಗಿ ಹೋಗಿತ್ತು. ಭಾವ ಅವಳ ಕೈ ಹಿಡಿಯಲು ಮುಂದೆ ಹೋದವರು ಯಾಕೋ ಹಿಡಿಯದೆ ಅವಳ ಚೀಲ ತೆಗೆದುಕೊಂಡರು.

"ಒಳಗೆ ಮಲಗು ಬಾ. ಹಾಸಿಗೆ ಹಾಕ್ಯದೆ," ಅಂದರು.

ಅಕ್ಕ ಹಾಸಿಗೆಯ ಕಡೆ ನೋಡಲಿಲ್ಲ. ಮಗಳ ಹೆಗಲು ಹಿಡಿದುಕೊಂಡು ನಡುಮನೆ ದಾಟಿ, ಅಡಿಗೆಮನೆ ದಾಟಿ, ಹಿಂದಿನ ಜಗಲಿಗೆ ನಡೆದಳು. ನಾವು ಸಾಲಾಗಿ ಹಿಂದೆ. ಅವಳು ನೀಲಿ ಟಾರ್ಪಾಲಿನ ಎದುರು ನಿಂತಳು.

"ಇದೆಂತದ್ರಿ ಇದು?"

"ಬಿಸಿಲು," ಅಂದರು ಭಾವ.

"ಬಿಚ್ಚಿ."

"ಈಗ ಬ್ಯಾಡ ಕಣೇ, ನಾಳೆ..."

"ಬಿಚ್ಚಿ ಅಂದ್ನಲ್ಲ."

ಭಾವ ಬೆಳಿಗ್ಗೆಯಿಂದ ಬಿಗಿದಿದ್ದ ಗಂಟನ್ನು ಬಿಚ್ಚಲು ಅವರಿಗೇ ಬಹಳ ಹೊತ್ತು ಹಿಡಿಯಿತು. ಟಾರ್ಪಾಲು ಕೆಳಗೆ ಬಿತ್ತು. ಐದು ಹಳದಿ ಗಿಡಗಳು ಬಿಸಿಲಲ್ಲಿ ನಿಂತಿದ್ದವು. ನಾನು ಅಕ್ಕನ ಮುಖ ನೋಡಿದೆ. ಅವಳ ತುಟಿ ಸೊಟ್ಟಗಾಯಿತು. ಅಳುತ್ತಾಳೆ ಅಂದುಕೊಂಡು ಹತ್ತಿರ ಹೋದೆ.

"ಎಂತೆಂತ ಹಾಕಿದ್ರಿ?" ಅಂತ ಕೇಳಿದಳು.

ಭಾವ ಶಾಲೆಯ ಮಕ್ಕಳ ಹಾಗೆ ಕೈ ಕಟ್ಟಿಕೊಂಡು ಒಪ್ಪಿಸಿದರು. ಉಪ್ಪು. ಯೂರಿಯಾ. ಪೊಟ್ಯಾಷ್. ಕುರಿಗೊಬ್ಬರ. ಬೇವಿನ ಹಿಂಡಿ. ಮಜ್ಜಿಗೆ, ಬೆಲ್ಲ ಹಾಕಿದ್ದು.

"ಒಗ್ಗರಣೆ?"

"ಎಂತ?"

"ಮಜ್ಜಿಗೆಗೆ ಒಗ್ಗರಣೆ ಹಾಕಿದ್ರಾ ಅಂತ ಕೇಳ್ದೆ."

ಮಗಳಿಗೆ ನಗು ತಡೆಯಲಿಲ್ಲ. ಅಕ್ಕನಿಗೂ ಬಂತು. ಅವಳು ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿ, "ಅಯ್ಯೋ, ನಗಿಸಬ್ಯಾಡ್ರೇ, ಹೊಲಿಗೆ ಎಳೀತದೆ," ಅನ್ನುತ್ತ ನಕ್ಕಳು. ಆಪರೇಷನ್ ಆದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಭಾವ ಒಬ್ಬರೇ ನಗಲಿಲ್ಲ. ಅವರು ಇನ್ನೂ ಕೈ ಕಟ್ಟಿಕೊಂಡೇ ಇದ್ದರು.

ಕುರ್ಚಿ ತಂದು ಕೂರಿಸಿದೆವು. ಅಕ್ಕ ಕೂತಲ್ಲಿಂದಲೇ ಒಂದೊಂದು ಗಿಡವನ್ನೂ ಬುಡದಿಂದ ಮೇಲಿನವರೆಗೆ ನೋಡಿದಳು. "ಸುಳಿ ಹಸಿರಾಗೇ ಅದೆ. ಬದುಕ್ತಾವೆ," ಅಂದಳು. "ಬೇಸಿಗೇಲಿ ಕೆಳಗಿನ ಗರಿ ಒಂದು ಹಣ್ಣಾಗೇ ಆಗ್ತದೆ. ಅದು ಹಸಿವಲ್ಲ, ವಯಸ್ಸು. ಬಿದ್ದು ಹೋಗ್ತದೆ, ಅಷ್ಟೇ. ಗೊಬ್ಬರ ಕೊಡೋದು ಮಳೆ ಹಿಡಿದ ಮೇಲೆ ಒಂದ್ಸಲ, ಮಳೆ ಬಿಟ್ಟ ಮೇಲೆ ಒಂದ್ಸಲ. ಮಣ್ಣು ಹಸಿ ಇರ್ಬೇಕು, ಬುಡದಿಂದ ಎರಡು ಮೊಳ ದೂರ ಇರ್ಬೇಕು. ಒಣ ಮಣ್ಣಿಗೆ ಇಷ್ಟೆಲ್ಲ ಸುರಿದ್ರೆ ಬೇರು ಸುಡದೆ ಎಂತ ಮಾಡ್ತದೆ?"

"ಈಗ ಎಂತ ಹಾಕದು?" ಅಂದರು ಭಾವ.

"ಎಂತದೂ ಇಲ್ಲ. ಬಾಯಿಗೆ ಏನೂ ಕೊಡಬಾರ್ದು."

"ಅಂದ್ರೆ?"

"ನಂಗೆ ಹೇಳಿದ್ರಲ್ಲ, ಹಂಗೇ. ಮೇಲಿನ ಮಣ್ಣು ಕೆರೆದು ತೆಗೀರಿ. ಆಮೇಲೆ ಬರೀ ನೀರು. ಪಾತಿ ತುಂಬ್ಸದು, ಇಂಗಕ್ಕೆ ಬಿಡದು, ಮತ್ತೆ ತುಂಬ್ಸದು. ಮುಂಗಾರು ಹಿಡಿಯೋ ತನ್ಕ ಬೇರೆ ಒಂದು ಹಿಡಿ ಹಾಕಿದ್ರೆ ನೋಡಿ."

"ಮುಂಗಾರು ಅಂದ್ರೆ ಇನ್ನೂ ಎರಡು ತಿಂಗಳು ಅಲ್ವೇನೇ," ಅಂದರು ಭಾವ.

ಮಗಳು ಸಂಜೆಯೊಳಗೆ ಮನೆ ಸೇರಬೇಕಾಗಿತ್ತು, ಹೊರಟಳು. ಭಾವ ಗುದ್ದಲಿ ತಂದರು, ನಾನು ಬುಟ್ಟಿ ತಂದೆ. ಅವರು ಬುಡದ ಮಣ್ಣು ಮೆಲ್ಲಗೆ ಕೆರೆಯುವುದು, ನಾನು ತುಂಬಿ ಬೇಲಿಯ ಆಚೆಗೆ ಹಾಕುವುದು. ಆಮೇಲೆ ಬಾವಿಯ ಪಂಪು ಹಾಕಿ ಪೈಪಿನಲ್ಲಿ ನೀರು. ಒಂದು ಪಾತಿ ತುಂಬಿ ಇಂಗುವಷ್ಟರಲ್ಲಿ ಇನ್ನೊಂದು. ಅಕ್ಕ ಕುರ್ಚಿಯಲ್ಲಿ ಕೂತು ಬೆರಳು ತೋರಿಸುತ್ತಿದ್ದಳು. "ಇನ್ನೂ ಈಚೆಗೆ. ಬೇರಿಗೆ ತಾಗಿಸಬ್ಯಾಡ್ರಿ. ಹಾಂ, ಹಂಗೆ."

ಮೂರನೆಯ ಗಿಡದ ಹತ್ತಿರ ಭಾವ ಪೈಪನ್ನು ಕೆಳಗಿಟ್ಟು ಅಲ್ಲೇ ಬದುವಿನ ಮೇಲೆ ಕೂತರು. ಅಕ್ಕನ ಕಡೆ ನೋಡದೆ, ನೀರು ಇಂಗುವುದನ್ನು ನೋಡುತ್ತ ಮಾತಾಡಿದರು.

"ಅವತ್ತು ಆಸ್ಪತ್ರೇಲಿ ನೀ ನೀರು ನೀರು ಅಂತಿದ್ದೆ. ಬಾಯಿ ಒಣಗಿ ನಾಲ್ಗೆ ಅಂಟ್ಕೊಂಡಿತ್ತು. ಹತ್ತಿ ನೆನೆಸಿ ತುಟಿಗೆ ಒರೆಸಿ, ಅಷ್ಟೇ ಅಂದ್ರು. ಒರೆಸ್ದೆ. ನೀ ಆ ಹತ್ತಿನ ಚೀಪಕ್ಕೆ ನೋಡ್ದೆ. ನಾ ಕೈ ಹಿಂದೆ ತಗೊಂಡೆ."

ಅಕ್ಕ ತೋರಿಸುತ್ತಿದ್ದ ಬೆರಳನ್ನು ಮಡಿಲಿಗೆ ಇಳಿಸಿದಳು.

"ನನ್ನ ಕೈಯಿಂದ ಯಾರಿಗೂ ಹಂಗೆ ಮಾಡಿದ್ದಿಲ್ಲ. ಮನೆಗೆ ಬಂದ್ರೆ ಇವು ಹಳದಿಯಾಗಿ ನಿಂತಿದ್ವು. ಇವಕ್ಕೆ ಕೊಡಬ್ಯಾಡ ಅನ್ನೋರು ಯಾರೂ ಇರ್ಲಿಲ್ಲ. ಅದ್ಕೇ..." ಅಂದು ನಿಲ್ಲಿಸಿದರು. ಮಣ್ಣಾದ ಕೈಯನ್ನು ಟವೆಲಿಗೆ ಒರೆಸಿಕೊಂಡರು. ಒರೆಸಿದಷ್ಟೂ ಒರೆಸಿಕೊಳ್ಳುತ್ತಲೇ ಇದ್ದರು.

ನಾನು ಬುಟ್ಟಿ ಹಿಡಿದುಕೊಂಡು ನಿಂತಿದ್ದೆ. ವಾರ್ಡಿನಲ್ಲಿ ಎಷ್ಟು ಜನ ಗಂಡಂದಿರು ಹೀಗೆ ಬಾಗಿಲಲ್ಲಿ ಕ್ಯಾರಿಯರ್ ಹಿಡಿದು ನಿಂತದ್ದನ್ನು ನೋಡಿದ್ದೇನೆ. "ಈಗ ಊಟ ಇಲ್ಲ, ಹೊರಗಿರಿ" ಅಂತ ಹೇಳಿ ಬಾಗಿಲು ಹಾಕಿದ್ದೇನೆ. ಅದು ಸರಿಯಾದ ಕೆಲಸವೇ. ಈಗ ಕೇಳಿದರೂ ಹಾಗೇ ಮಾಡುತ್ತೇನೆ. ಆದರೆ ಬಾಗಿಲು ಹಾಕಿದ ಮೇಲೆ ಆ ಕೈಗಳು ಎಲ್ಲಿಗೆ ಹೋಗುತ್ತವೆ ಅಂತ ಯೋಚಿಸಲು ಪಾಳಿಯಲ್ಲಿ ಹೊತ್ತಿರುವುದಿಲ್ಲ.

"ಪಾತಿ ತುಂಬಿ ಹರೀತಾ ಅದೆ, ಪೈಪು ತೆಗೀರಿ," ಅಂದಳು ಅಕ್ಕ. ಭಾವ ಎದ್ದು ಪೈಪನ್ನು ನಾಲ್ಕನೆಯ ಗಿಡಕ್ಕೆ ಹಾಕಿದರು.

ಐದನೆಯ ಗಿಡ ಮುಗಿಯುವಾಗ ಬಿಸಿಲು ಇಳಿದಿತ್ತು. ನೆನೆದ ಮಣ್ಣಿನ ವಾಸನೆ ಜಗಲಿಯವರೆಗೆ ಬರುತ್ತಿತ್ತು. ಪಂಪು ನಿಲ್ಲಿಸಿದ ಮೇಲೆ ಹಿತ್ತಲು ಒಮ್ಮೆಲೇ ನಿಶ್ಶಬ್ದವಾಯಿತು.

"ಹಸಿವಾಗ್ತಾ ಅದೆ ಕಣ್ರಿ," ಅಂದಳು ಅಕ್ಕ.

ಭಾವ ಕೇಳಿಸದವರ ಹಾಗೆ ನಿಂತರು. "ಎಂತ ಅಂದೆ?"

"ಹಸಿವು ಅಂದೆ. ಗಂಜಿ ಇದ್ರೆ ಕೊಡಿ."

ನಮ್ಮ ಭಾವ ಓಡಲಿಲ್ಲ. ಕೈಕಾಲು ತೊಳೆದುಕೊಂಡರು. ಬೇರೆ ಪಂಚೆ ಉಟ್ಟುಕೊಂಡು ಬಂದರು. ನಾನು ಉಪ್ಪು ಹಾಕಿ ತೆಳ್ಳಗೆ ಮಾಡಿಕೊಟ್ಟ ಗಂಜಿಯನ್ನು ಸಣ್ಣ ಬಟ್ಟಲಿನಲ್ಲಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಅವಳ ಕೈಗೆ ಕೊಟ್ಟರು. ಎದುರಿಗೆ ನೆಲದ ಮೇಲೆ ಕೂತರು. ಅಕ್ಕ ಒಂದು ಚಮಚ, ಸ್ವಲ್ಪ ಬಿಟ್ಟು ಇನ್ನೊಂದು ಚಮಚ, ಹೀಗೆ ಕುಡಿದಳು. ಅವಳು ಕುಡಿದು ಮುಗಿಸುವವರೆಗೂ ಭಾವ ಒಂದು ಮಾತೂ ಆಡಲಿಲ್ಲ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ನೋಡುತ್ತಿದ್ದರು.

ಅಕ್ಕನಿಗೆ ಮಾತ್ರೆ ಕೊಟ್ಟು ಮಲಗಿಸಿದೆ. ಗುದ್ದಲಿ, ಬುಟ್ಟಿ ತೊಳೆದು ಕೊಟ್ಟಿಗೆಯಲ್ಲಿಟ್ಟೆ. ಕೊನೆಗೆ ಗಂಜಿಯ ಬಟ್ಟಲು ತೊಳೆಯಲು ತೆಗೆದುಕೊಂಡೆ. ಅದರಲ್ಲಿ ಒಂದಗುಳೂ ಉಳಿದಿರಲಿಲ್ಲ. ತೊಳೆದು, ಒರೆಸಿ, ಬೋರಲು ಹಾಕಿದೆ.